ವೇದಿಕೆಯನ್ನು ಕಿತ್ತುಹಾಕಿ

ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎಂಬ ಗಾದೆಯನ್ನು ಸಭೆಗಳ ವೈರಿಗಳು ಬಹಳ ಪ್ರೀತಿಯಿಂದ ಬಳಸುತ್ತಾರೆ. ಗಾದೆಯೊಡನೆ ನನಗೆ ಜಗಳವಿಲ್ಲ. ಆದರೆ ಹಾವು ಏಕೆ ಸಾಯಲಿಲ್ಲವೆಂದು ಯಾರಾದರೂ ವಿಚಾರಿಸಿದ್ದುಂಟೆ? ಒಬ್ಬರು ಹಾವಿನ ಜಾತಿಗಳ ಮೇಲೆ ಉಪನ್ಯಾಸ ಕೊಡುತ್ತಿದ್ದಿರಬೇಕು. ಇನ್ನೊಬ್ಬರು ಅಧ್ಯಕ್ಷರ ಆಗಮನಕ್ಕೆ ಕಾಯುತ್ತಿದ್ದಿರಬೇಕು. ಮತ್ತೊಬ್ಬರು ವಂದನಾರ್ಪಣೆಯ ಮಾತುಗಳನ್ನು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದಿರಬೇಕು. ಕೋಲು ಹಿಡಿದು ಬಂದವನನ್ನು ಮಾತ್ರ ಹಿಂದಿನ ಸಾಲಿನಲ್ಲಿ ಕೂರಿಸಿದ್ದಿರಬೇಕು. ತಪ್ಪು ಹತ್ತು ಎಂಬ ಸಂಖ್ಯೆಯದಲ್ಲ, ಹತ್ತು ಜನರನ್ನು ಕೂರಿಸಿದ ರೀತಿಯದು.

ಈ ಮಾತನ್ನು ನಾನು ಎತ್ತುತ್ತಿರುವುದು ಮುಕ್ತ ತಂತ್ರಾಂಶ ರಚಿಸುವವರ ಯೋಜನಾ ಕೂಟಗಳನ್ನು ಕುರಿತು. 'ಅದು ಕಂಪ್ಯೂಟರಿನವರ ಪಾಡು, ನಮಗೇನು?' ಎಂದು ಪುಟ ಮಗುಚಲು ಹೊರಟ ಓದುಗರು ದಯವಿಟ್ಟು ಒಂದು ನಿಮಿಷ ತಡೆಯಬೇಕು. ತಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯೊಬ್ಬ, ಲಿನಸ್ ಟೋರ್ವಾಲ್ಡ್ಸ್, ಆರಂಭಿಸಿ ಲೋಕದ ಮುಂದೆ ತೆರೆದಿಟ್ಟ ಬರೆಹ ಅದು. ತಾವು ಅಂತರಜಾಲದಲ್ಲಿ ಏನನ್ನು ನೋಡಿದರೂ ಅದನ್ನು ಕಳಿಸಿಕೊಡುವ ಸರ್ವರುಗಳಲ್ಲಿ ಬಹುಪಾಲು ಇದೇ ಬಗೆಯ ತಂತ್ರಾಂಶದ ಮೇಲೆ ನಡೆಯುತ್ತವೆ. ಇವುಗಳ ಮೂಲ ಬರೆಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಊರ ಬಾವಿಯಂತೆ ಇದು ಎಲ್ಲರ ಸೊತ್ತು. ಆ ಬಾವಿಯ ಹೂಳು ತೆಗೆಯುವವರು ಹೇಗೆ ಒಟ್ಟುಗೂಡುತ್ತಾರೆ, ಹೇಗೆ ಕೆಲಸ ಹಂಚಿಕೊಳ್ಳುತ್ತಾರೆ ಎಂಬುದು ನೀರು ಕುಡಿಯುವವರಿಗೂ ಸಂಬಂಧಪಟ್ಟ ವಿಷಯವೇ.

ಇಲ್ಲಿ ಒಂದು ವಿಶೇಷವಿದೆ. ಕಚೇರಿಯಲ್ಲಿ ಮೇಲಧಿಕಾರಿ ಹೇಳಿದ್ದನ್ನು ಕೆಳಗಿನವನು ಮಾಡುತ್ತಾನೆ. ಒಪ್ಪಿಗೆಯಾದರೂ ಸರಿ, ಆಗದಿದ್ದರೂ ಸರಿ, ತಿಂಗಳ ಕೊನೆಗೆ ಸಂಬಳವಿದೆ. ಮುಕ್ತ ತಂತ್ರಾಂಶದ ಯೋಜನೆಗಳಲ್ಲಿ ಈ ಹಗ್ಗವಿಲ್ಲ. ಇಲ್ಲಿ ದುಡಿಯುವವರಲ್ಲಿ ಎಷ್ಟೋ ಮಂದಿ ಕಂಪೆನಿಗಳ ನೌಕರರು, ನಿಜ. ಆದರೆ ಒಂದು ಕಂಪೆನಿಯ ಯಜಮಾನ ಇನ್ನೊಂದು ಕಂಪೆನಿಯ ನೌಕರನಿಗೆ ಅಪ್ಪಣೆ ಮಾಡಲಾರ. ರಾತ್ರಿ ಊಟವಾದ ಮೇಲೆ ತನ್ನ ಸಂತೋಷಕ್ಕೆ ಕೂತು ಬರೆಯುವ ಸ್ವಯಂಸೇವಕನಿಗಂತೂ ಯಾರೂ ಅಪ್ಪಣೆ ಮಾಡಲಾರರು. ಅವನಿಗೆ ಬೇಸರವಾದರೆ ರಾಜೀನಾಮೆ ಪತ್ರವನ್ನೂ ಕೊಡುವುದಿಲ್ಲ. ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾನೆ.

ಬೇಸರ ಬಲವಾದರೆ ಇನ್ನೊಂದು ದಾರಿಯೂ ಉಂಟು. ಮೂಲ ಬರೆಹ ಎಲ್ಲರದಾದ ಕಾರಣ, ಅದರ ಪ್ರತಿ ತೆಗೆದುಕೊಂಡು ಬೇರೆ ಒಲೆ ಹೂಡಬಹುದು. ಓಪನ್‌ಆಫೀಸ್ ಎಂಬ ಬರವಣಿಗೆ–ಲೆಕ್ಕದ ತಂತ್ರಾಂಶದ ಕಥೆ ಹೀಗೆಯೇ ಆಯಿತು. ಅದನ್ನು ಪೋಷಿಸುತ್ತಿದ್ದ ಸನ್ ಕಂಪೆನಿಯನ್ನು 2010ರ ಜನವರಿಯಲ್ಲಿ ಒರೆಕಲ್ ಕೊಂಡುಕೊಂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ದುಡಿಯುವವರಲ್ಲಿ ದೊಡ್ಡದೊಂದು ಬಳಗ ಹೊರನಡೆದು ಲಿಬ್ರೆಆಫೀಸ್ ಎಂಬ ಹೊಸ ಹೆಸರಿನಲ್ಲಿ ಕೆಲಸ ಮುಂದುವರಿಸಿತು. ಮರುವರ್ಷ ಒರೆಕಲ್ ಹಳೆಯದನ್ನು ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿ ಕೈತೊಳೆದುಕೊಂಡಿತು. ಮನೆಯ ಪತ್ರ ಯಾರ ಹೆಸರಿನಲ್ಲಿದ್ದರೇನು, ಅಡಿಗೆ ಮಾಡುವವರು ಹೊರಟುಹೋದ ಮೇಲೆ?

ಆದುದರಿಂದ, ಓದುಗರೆ, ಈ ಲೋಕದಲ್ಲಿ ಒಪ್ಪಿಗೆಯೆಂಬುದು ಸೌಜನ್ಯದ ಅಲಂಕಾರವಲ್ಲ. ಇರುವ ಒಂದೇ ಲಗಾಮು. ಆ ಒಪ್ಪಿಗೆ ಹುಟ್ಟುವ ಸ್ಥಳ ಯೋಜನಾ ಕೂಟ. ಅದನ್ನು ಕೆಡಿಸಿದರೆ ಯೋಜನೆಯೇ ಕೆಡುತ್ತದೆ. ಹೀಗಿದ್ದೂ ಅದನ್ನು ಇಂದು ಇಬ್ಬರು ಎರಡು ಕಡೆಯಿಂದ ಕೆಡಿಸುತ್ತಿದ್ದಾರೆ: ಕೂಟವನ್ನು ಜಾತ್ರೆ ಮಾಡುವವನು ಒಬ್ಬ; ಕೂಟವೇ ಬೇಡ, ತೆರೆಯ ಮೇಲೆ ಮುಖ ತೋರಿಸಿದರೆ ಸಾಕೆನ್ನುವವನು ಇನ್ನೊಬ್ಬ. ಇಬ್ಬರ ಮೇಲೂ ನನ್ನ ತಕರಾರಿದೆ.

ಮೊದಲು, ಒಳ್ಳೆಯ ಕೂಟ ಹೇಗಿರುತ್ತದೆಂದು ಹೇಳಬೇಕು. ಇಲ್ಲವಾದರೆ ಬರಿಯ ಬೈಗುಳವಾದೀತು. ಉಬುಂಟು ಎಂಬ ಲಿನಕ್ಸ್ ಹಂಚಿಕೆ 2004ರ ಅಕ್ಟೋಬರಿನಲ್ಲಿ ಹೊರಬಂತು. ಅಂದಿನಿಂದ ಆರು ತಿಂಗಳಿಗೊಂದು ಆವೃತ್ತಿ ಎಂಬುದು ಅದರ ವ್ರತ. ಆರು ತಿಂಗಳೆಂದರೆ ಕಡಿಮೆ ಸಮಯ; ಏನು ಮಾಡಬೇಕು, ಏನನ್ನು ಬಿಡಬೇಕು ಎಂಬುದು ಮೊದಲ ವಾರಗಳಲ್ಲೇ ಗೊತ್ತಾಗಬೇಕು. ಇದಕ್ಕಾಗಿ 2004ರ ಡಿಸೆಂಬರಿನಲ್ಲಿ ಸ್ಪೇನಿನ ಮಾತಾರೋ ಎಂಬ ಊರಿನಲ್ಲಿ ಕೆಲಸಗಾರರು ಕಲೆತರು. ಮುಂದೆ ಸಿಡ್ನಿ, ಮಾಂಟ್ರಿಯಲ್, ಪ್ಯಾರಿಸ್, ಸೆವಿಲ್ಲೆ, ಪ್ರಾಗ್, ಬಾರ್ಸಿಲೋನಾ ಎಂದು ಊರಿಂದೂರಿಗೆ ಈ ಕೂಟ ನಡೆಯುತ್ತ ಬಂತು. ಸುಮಾರು ಒಂದು ವಾರದ ಕೂಟ.

ಅದನ್ನು ನಡೆಸಿದ ಬಗೆಯನ್ನು ಗಮನಿಸಿ. ಕೋಣೆಯಲ್ಲಿ ವೇದಿಕೆಯಿಲ್ಲ. ನಡುವೆ ಕುರ್ಚಿಗಳ ಒಂದು ಒಳಸುತ್ತು, ಅದರ ಹಿಂದೆ ಹೊರಸುತ್ತು. ಆ ವಿಷಯದಲ್ಲಿ ಕೈ ಕೆಸರು ಮಾಡಿಕೊಳ್ಳುವವರು ಒಳಸುತ್ತಿನಲ್ಲಿ, ಕೇಳಬಂದವರು ಹೊರಸುತ್ತಿನಲ್ಲಿ. ಹೊರಗಿನವರಿಗೆ ಹೇಳುವ ಮಾತಿದ್ದರೆ ಒಳಗೆ ಬಂದು ಕೂರಬಹುದು. ನಡುವೆ ಒಂದು ಮೈಕು. ಅದು ಕೋಣೆಯಲ್ಲಿರುವವರಿಗಾಗಿ ಇಟ್ಟದ್ದಲ್ಲ. ಸಾವಿರಾರು ಮೈಲಿ ದೂರದಲ್ಲಿ, ತನ್ನ ಮನೆಯಲ್ಲಿ ಕೂತು ಕೇಳುತ್ತಿರುವವನಿಗಾಗಿ. ಅವನು ಟೈಪು ಮಾಡಿ ಕಳಿಸಿದ ಮಾತು ಗೋಡೆಯ ಮೇಲಿನ ತೆರೆಯಲ್ಲಿ ಎಲ್ಲರಿಗೂ ಕಾಣುತ್ತದೆ. ಇನ್ನೊಂದು ತೆರೆಯಲ್ಲಿ ಟಿಪ್ಪಣಿ. ಅದನ್ನು ಕಾರ್ಯದರ್ಶಿಯೊಬ್ಬ ಮನೆಗೆ ಹೋಗಿ ಬರೆಯುವುದಿಲ್ಲ. ಕೋಣೆಯಲ್ಲಿರುವವರೆಲ್ಲ ಒಂದೇ ಹಾಳೆಯ ಮೇಲೆ, ಒಂದೇ ಕಾಲದಲ್ಲಿ, ತಮ್ಮ ತಮ್ಮ ಯಂತ್ರದಿಂದ ಬರೆಯುತ್ತಾರೆ. ಒಬ್ಬ ತಪ್ಪು ಬರೆದರೆ ಪಕ್ಕದವನು ಅಲ್ಲೇ ತಿದ್ದುತ್ತಾನೆ. ಸುಮಾರು ಒಂದು ಗಂಟೆಯಲ್ಲಿ ವಿಷಯ ಮುಗಿಯಬೇಕು. ಮುಗಿಯುವಾಗ ಕೈಯಲ್ಲಿ ಉಳಿಯಬೇಕಾದದ್ದು ಕೆಲಸಗಳ ಪಟ್ಟಿ: ಇಂಥ ಕೆಲಸ, ಇಂಥವರು ಮಾಡತಕ್ಕದ್ದು. ಆ ಪಟ್ಟಿ ಎಲ್ಲರೂ ನೋಡಬಹುದಾದ ಜಾಗದಲ್ಲಿ ಸೇರಿ, ಆರು ತಿಂಗಳೂ ಕಣ್ಣೆದುರಿಗೆ ಇರುತ್ತದೆ.

ಇದರಲ್ಲಿ ಜಾಣತನದ ಪ್ರದರ್ಶನವೇನೂ ಇಲ್ಲ. ಹಳ್ಳಿಯಲ್ಲಿ ಕೆರೆಯ ತೂಬು ಒಡೆದಾಗ ನಾಲ್ಕು ಜನ ಏರಿಯ ಮೇಲೆ ಕುಕ್ಕುರುಗಾಲಿನಲ್ಲಿ ಕೂತು 'ನೀನು ಮಣ್ಣು ತಾ, ನೀನು ಕಲ್ಲು ತಾ' ಎಂದು ಗೊತ್ತುಮಾಡಿಕೊಳ್ಳುವ ಕ್ರಮವೇ ಇದು. ಅಲ್ಲಿಲ್ಲದ ಎರಡನ್ನು ಮಾತ್ರ ಇವರು ಸೇರಿಸಿದರು. ಒಂದು, ಬಾರದವನಿಗೂ ಬಾಯಿ ಕೊಟ್ಟದ್ದು. ಇನ್ನೊಂದು, ಆಡಿದ ಮಾತನ್ನು ಆಡಿದ ಕೂಡಲೇ ಎಲ್ಲರ ಕಣ್ಣೆದುರಿಗೆ ಬರೆದಿಟ್ಟದ್ದು. ನನ್ನ ಮಟ್ಟಿಗೆ ಯೋಜನಾ ಕೂಟದ ಶಾಸ್ತ್ರವೆಲ್ಲ ಈ ಎರಡರಲ್ಲೇ ಅಡಗಿದೆ.

ಇಷ್ಟು ಚೆನ್ನಾದ ವ್ಯವಸ್ಥೆಯನ್ನು ಮಾಡಿಕೊಂಡವರೇ ಅದನ್ನು ಹೇಗೆ ಮೀರಿದರೆಂಬುದನ್ನೂ ನೋಡಬೇಕು. 2010ರ ಅಕ್ಟೋಬರಿನಲ್ಲಿ ಅಮೆರಿಕದ ಒರ್ಲ್ಯಾಂಡೋದಲ್ಲಿ ಇದೇ ಕೂಟ ಸೇರಿತು. ಆರಂಭದ ಭಾಷಣದಲ್ಲಿ, ಉಬುಂಟುವಿನ ಸ್ಥಾಪಕರಾದ ಮಾರ್ಕ್ ಷಟಲ್‌ವರ್ತ್ ಅವರು, ಮುಂದಿನ ಆವೃತ್ತಿಯಿಂದ ಕಂಪ್ಯೂಟರಿನ ಮುಖಪರದೆಯಾಗಿ ತಮ್ಮದೇ ಆದ 'ಯೂನಿಟಿ' ಬರುತ್ತದೆ, ಗ್ನೋಮ್ ಬಳಗ ಸಿದ್ಧಪಡಿಸುತ್ತಿದ್ದ ಹೊಸ ಪರದೆ ಬರುವುದಿಲ್ಲ ಎಂದು ಸಾರಿದರು. ಬಳಸುವವನು ದಿನವೂ ಕಾಣುವುದು ಆ ಪರದೆಯನ್ನೇ; ಒಟ್ಟು ಯೋಜನೆಯಲ್ಲಿ ಅದಕ್ಕಿಂತ ದೊಡ್ಡ ತೀರ್ಮಾನ ಬಹಳವಿರಲಾರದು. ವಾರವಿಡೀ ಕುರ್ಚಿಸುತ್ತಿನಲ್ಲಿ ಕೂತು ವಿಚಾರ ಮಾಡಲು ಬಂದವರಿಗೆ ಅದು ವೇದಿಕೆಯ ಮೇಲಿಂದ ಸುದ್ದಿಯಾಗಿ ತಿಳಿಯಿತು. ಇನ್ನು ಸುತ್ತಿನಲ್ಲಿ ಉಳಿದ ಪ್ರಶ್ನೆ 'ಮಾಡಬೇಕೇ?' ಎಂಬುದಲ್ಲ, 'ಹೇಗೆ ಮಾಡೋಣ?' ಎಂಬುದಷ್ಟೆ. ಹೆಣ್ಣು ಗೊತ್ತಾಗಿದೆ, ಲಗ್ನ ಗೊತ್ತಾಗಿದೆ. ನೆಂಟರು ಬಂದು ಚಪ್ಪರ ಕಟ್ಟಿದರೆ ಸಾಕು.

ಷಟಲ್‌ವರ್ತ್ ಅವರಿಗೆ ಆ ಹಕ್ಕಿರಲಿಲ್ಲವೆಂದು ನಾನು ಹೇಳುವುದಿಲ್ಲ. ದುಡ್ಡು ಹಾಕಿದವರು ಅವರು, ದಿಕ್ಕು ತೋರಿಸುವ ಧೈರ್ಯವೂ ಅವರಲ್ಲಿತ್ತು. ಯೂನಿಟಿಯಲ್ಲಿ ಗುಣವಿರಲಿಲ್ಲವೆಂದೂ ಹೇಳುವುದಿಲ್ಲ. ಅದನ್ನು ಮೆಚ್ಚಿ ಬಳಸಿದವರು ಇದ್ದರು. 2017ರ ಏಪ್ರಿಲಿನಲ್ಲಿ ಅವರೇ ಅದರ ಮುಂದಿನ ಕೆಲಸವನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು; ಆ ವರ್ಷದ ಅಕ್ಟೋಬರಿನ ಆವೃತ್ತಿ ಗ್ನೋಮ್ ಪರದೆಯೊಡನೆಯೇ ಹೊರಬಂತು. ಅದಕ್ಕೆ ವ್ಯಾಪಾರದ ಕಾರಣಗಳೂ ಇದ್ದವು. ನನ್ನ ಆಕ್ಷೇಪಣೆ ಪರದೆಯ ಮೇಲಲ್ಲ, ಪದ್ಧತಿಯ ಮೇಲೆ. ಕೂಟವನ್ನು ಕರೆದು, ಕೂಟದ ಎದುರಿಗೆ ತೀರ್ಮಾನವನ್ನು ಓದುವುದಾದರೆ ಕೂಟವೇಕೆ? ಒಂದು ಕಾಗದ ಬರೆದು ಗೋಡೆಗೆ ಅಂಟಿಸಿದರೆ ವಿಮಾನದ ಖರ್ಚಾದರೂ ಉಳಿಯುತ್ತದೆ.

'ಎಲ್ಲರನ್ನೂ ಕೇಳುತ್ತ ಕೂತರೆ ಹಡಗು ದಡ ಸೇರದು; ಒಬ್ಬನ ಕೈಯಲ್ಲಿ ಚುಕ್ಕಾಣಿ ಇರಬೇಕು' ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಈ ವಾದ ಹಗುರವಾದದ್ದಲ್ಲ. ಆದರೆ ಒಬ್ಬನ ಕೈಯ ಚುಕ್ಕಾಣಿ ಆ ಒಬ್ಬನಿಗೆ ಏನು ಮಾಡುತ್ತದೆ ಎಂಬುದನ್ನೂ ಲೆಕ್ಕ ಹಿಡಿಯಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಸೃಷ್ಟಿಸಿದ ಗೈಡೋ ವಾನ್ ರಾಸಮ್ ಅವರಿಗೆ 'ಆಜೀವ ದಯಾಳು ಸರ್ವಾಧಿಕಾರಿ' ಎಂಬ ಅರ್ಧ ವಿನೋದದ ಬಿರುದಿತ್ತು. 2018ರ ಜುಲೈಯಲ್ಲಿ, ಭಾಷೆಗೆ ಒಂದು ಸಣ್ಣ ಸೇರ್ಪಡೆಯ ವಿಷಯದಲ್ಲಿ ಎದ್ದ ಕಚ್ಚಾಟದಿಂದ ಬೇಸತ್ತು, ಅವರು ಆ ಸಿಂಹಾಸನದಿಂದ ತಾವಾಗಿಯೇ ಇಳಿದುಹೋದರು. ಉಳಿದವರು ಕುಳಿತು, ಐದು ಜನರ ಚುನಾಯಿತ ಮಂಡಳಿಯನ್ನು ಏರ್ಪಡಿಸಿಕೊಂಡರು. 2019ರಿಂದ ಆ ವ್ಯವಸ್ಥೆ ನಡೆದಿದೆ, ಹಡಗು ಮುಳುಗಲಿಲ್ಲ.

ಅದೇ 2018ರಲ್ಲಿ ಲಿನಕ್ಸ್ ತಿರುಳಿನ ಮುಖ್ಯ ಉಸ್ತುವಾರಿಗಳ ಸಣ್ಣ ಕೂಟ ಕೆನಡಾದ ವ್ಯಾಂಕೂವರಿನಲ್ಲಿ ನಡೆಯಬೇಕಾಗಿತ್ತು. ಟೋರ್ವಾಲ್ಡ್ಸ್ ಅವರು ತಾರೀಖು ತಪ್ಪಿ, ಅದೇ ದಿನಗಳಿಗೆ ಮನೆಯವರೊಡನೆ ಪ್ರವಾಸ ಗೊತ್ತುಮಾಡಿಕೊಂಡುಬಿಟ್ಟಿದ್ದರು. ನಾನಿಲ್ಲದೆಯೇ ನಡೆಸಿರೆಂದು ಅವರು ಹೇಳಿದರೂ ಕೇಳದೆ, ಕೂಟವನ್ನೇ ಸ್ಕಾಟ್ಲೆಂಡಿನ ಎಡಿನ್‌ಬರೋಕ್ಕೆ ಎತ್ತಿಕೊಂಡುಹೋದರು. ದೇವರು ಬೇಡವೆಂದರೂ ಪೂಜಾರಿಗಳು ಬಿಡಲಿಲ್ಲ! ಒಬ್ಬರ ಮೇಲೆ ನಿಂತ ಕೂಟದ ಗತಿ ಇದು.

ಹಾಗಾದರೆ ಎಲ್ಲದಕ್ಕೂ ಕೈಯೆತ್ತಿಸಿ ಮತ ಎಣಿಸೋಣವೇ? ಅದೂ ಸಲ್ಲದು. ಅಂತರಜಾಲದ ಶಿಷ್ಟತೆಗಳನ್ನು ರೂಪಿಸುವ ಐ.ಇ.ಟಿ.ಎಫ್. ಎಂಬ ಬಳಗದಿಂದ ಕಲಿಯುವುದಿದೆ. 1986ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ 21 ಜನರಿಂದ ಆರಂಭವಾದ ಆ ಕೂಟ ಇಂದು ವರ್ಷಕ್ಕೆ ಮೂರು ಸಲ ನೆರೆಯುತ್ತದೆ. ಅಲ್ಲಿ ವಿಧ್ಯುಕ್ತ ಸದಸ್ಯತ್ವವಿಲ್ಲ. ಸದಸ್ಯರೇ ಇಲ್ಲದ ಮೇಲೆ ಎಣಿಸುವುದು ಯಾರ ಮತವನ್ನು? ನಾಳೆ ಯಾವುದೋ ಕಂಪೆನಿ ಎರಡು ಬಸ್ಸು ತುಂಬ ತನ್ನ ನೌಕರರನ್ನು ತಂದು ಕೂರಿಸಿದರೆ ಬಹುಮತವೂ ಬಂದಿತು, ಬುದ್ಧಿಯೂ ಹೋಯಿತು. ಆದುದರಿಂದ ಅವರು ಹಿಡಿದ ದಾರಿ ವಿಚಿತ್ರವಾಗಿದೆ. ಒಂದು ಸಲಹೆಗೆ ಒಪ್ಪುವವರು ಬಾಯಿ ಮುಚ್ಚಿಕೊಂಡೇ 'ಹ್ಞೂಂ' ಎಂದು ಗುಂಜುವುದು, ಆಮೇಲೆ ಒಪ್ಪದವರು ಗುಂಜುವುದು. ಕತೆ ಕೇಳುವ ಮಕ್ಕಳು ಹೂಂಗುಟ್ಟಿದಂತೆ! ಆ ಸದ್ದಿನಿಂದ ಸಭೆಯ ಒಲವು ಎತ್ತ ಕಡೆ ಎಂಬುದರ ಅಂದಾಜು ಸಿಕ್ಕುತ್ತದೆ. ಆದರೆ ಸದ್ದು ಸಣ್ಣದಾದರೂ ಆಕ್ಷೇಪಣೆ ದೊಡ್ಡದಾಗಿರಬಹುದು. 'ಈ ಸೇತುವೆಯ ಮೂರನೆಯ ಕಂಬ ಬಿರುಕು ಬಿಟ್ಟಿದೆ' ಎಂದು ಒಬ್ಬನೇ ಹೇಳಿದರೂ, ನೂರು ಜನ ಹೂಂಗುಟ್ಟಿದರೆ ಬಿರುಕು ಮುಚ್ಚುವುದಿಲ್ಲ. ಆ ಆಕ್ಷೇಪಣೆಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. 2014ರಲ್ಲಿ ಈ ಪದ್ಧತಿಯ ಮರ್ಮವನ್ನು ವಿವರಿಸಿ ಅವರು ಒಂದು ಕಡತವನ್ನೇ ಪ್ರಕಟಿಸಿದ್ದಾರೆ.

ಇದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಕೂಟದ ಕೋಣೆಯಲ್ಲಿ ಏನೇ ಒಪ್ಪಿಗೆಯಾಗಲಿ, ಅದು ಅಲ್ಲಿಗೇ ಅಂತಿಮವಲ್ಲ. ಎಲ್ಲರಿಗೂ ತಲುಪುವ ಇ-ಮೇಲ್ ಪಟ್ಟಿಯಲ್ಲಿ ಅದನ್ನು ಇಡಬೇಕು. ಬಾರದಿದ್ದವರೂ ನೋಡಿ, ತಕರಾರಿದ್ದರೆ ಎತ್ತಿ, ಅದು ತೀರಿದ ಮೇಲೆಯೇ ತೀರ್ಮಾನ. ಈ ಒಂದು ನಿಯಮದಿಂದ ಕೂಟದ ಸ್ವರೂಪವೇ ಬದಲಾಗುತ್ತದೆ. ಕೋಣೆಯಲ್ಲಿರುವವರು ದೊರೆಗಳಾಗುವುದಿಲ್ಲ, ದೂರದವರ ಪರವಾಗಿ ವಿಚಾರ ಮಾಡುವ ಪಂಚರಾಗುತ್ತಾರೆ.

ಈಗ ಎರಡನೆಯ ವೈರಿಯ ಕಡೆಗೆ ತಿರುಗುತ್ತೇನೆ. 'ಬಾರದವನ ಮೇಲೆ ಇಷ್ಟು ಕಾಳಜಿಯಿರುವ ತಾವು ಯಾರೂ ಬರುವುದೇ ಬೇಡವೆಂದು ಏಕೆ ಹೇಳಬಾರದು? ಎಲ್ಲರೂ ಮನೆಯಲ್ಲೇ ಕೂತು ತೆರೆಯ ಮೇಲೆ ಮಾತನಾಡಲಿ. ಸಮಾನತೆಯೂ ಆಯಿತು, ಖರ್ಚೂ ಉಳಿಯಿತು' ಎನ್ನುತ್ತಾನೆ ಈತ. ಉಬುಂಟುವಿನವರು ಮಾಡಿದ್ದೂ ಅದನ್ನೇ. 2012ರ ಅಕ್ಟೋಬರ್ ಕೊನೆಯಲ್ಲಿ ಕೋಪನ್‌ಹೇಗನ್ನಿನಲ್ಲಿ ಆರಂಭವಾದ ಕೂಟದ ಬಳಿಕ, 2013ರ ಮಾರ್ಚಿಯಿಂದ ಅದನ್ನು ಅಂತರಜಾಲಕ್ಕೆ ಸಾಗಿಸಿದರು. ಕೆಲವು ವರ್ಷಗಳಲ್ಲಿ ಅದೂ ನಿಂತುಹೋಯಿತು. 2022ರ ನವೆಂಬರಿನಲ್ಲಿ ಪ್ರಾಗ್ ನಗರದಲ್ಲಿ ಅವರು ಮತ್ತೆ ಮುಖಾಮುಖಿ ಸೇರಿದರು. ಆದರೆ ಈಗಿನದು ಹೆಚ್ಚಾಗಿ ಉಪನ್ಯಾಸ, ಕಾರ್ಯಾಗಾರಗಳ ಸಮ್ಮೇಳನ. ಆ ಹಳೆಯ ಕೆಲಸದ ಸುತ್ತಲ್ಲ.

ತೆರೆಯ ಮೇಲೆ ಏನು ಕಳೆದುಹೋಗುತ್ತದೆ ಎಂಬುದು ಕೊರೋನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡಿದ ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ. ಬೆಂಗಳೂರಿನವನಿಗೆ ರಾತ್ರಿ ಹನ್ನೊಂದಾದಾಗ ಅಮೆರಿಕದವನಿಗೆ ಬೆಳಗಿನ ಕಾಫಿ. ಯಾರೋ ಒಬ್ಬರು ತೂಕಡಿಸಲೇಬೇಕು. ಕಾಗದದ ಮೇಲೆ ಹಲ್ಲು ಕಡಿದುಕೊಂಡವರು ಒಂದೇ ಮೇಜಿನಲ್ಲಿ ಊಟಕ್ಕೆ ಕೂತಾಗ, 'ನೀವು ಹೇಳಿದ್ದು ಇದೇನೇ? ನಾನು ಬೇರೆ ತಿಳಿದುಕೊಂಡಿದ್ದೆ' ಎನ್ನುವುದು ಸಾಮಾನ್ಯ. ಬರೆಹದಲ್ಲಿ ಕಟುವಾಗಿ ಕಾಣುವ ಮನುಷ್ಯ ಎದುರಿಗೆ ನೋಡಿದರೆ ಸಂಕೋಚದ ಪ್ರಾಣಿಯಾಗಿರುತ್ತಾನೆ. ಆರು ತಿಂಗಳ ಪತ್ರವ್ಯವಹಾರ ಬಿಡಿಸಲಾರದ ಗಂಟನ್ನು ಅರ್ಧ ಗಂಟೆಯ ಮಾತು ಬಿಡಿಸಬಲ್ಲದು. ಇದನ್ನು ಕಳೆದುಕೊಂಡು ಉಳಿಸುವ ದುಡ್ಡು ಉಳಿತಾಯವಲ್ಲ.

ಆದರೆ ವೀಸಾ ಸಿಕ್ಕಿದವನು, ಟಿಕೆಟ್ಟು ಕೊಳ್ಳಬಲ್ಲವನು ಮಾತ್ರ ಬರುವುದಾದರೆ? ಆ ಕಷ್ಟ ನಿಜ. ಅದಕ್ಕೆ ಉತ್ತರ ಕೂಟವನ್ನು ರದ್ದುಮಾಡುವುದಲ್ಲ, ಕೂಟವನ್ನು ತಿರುಗಾಡಿಸುವುದು. ಡೆಬಿಯನ್ ಎಂಬ ಬಳಗವನ್ನು ನೋಡಿ. 1993ರಲ್ಲಿ ಹುಟ್ಟಿದ, ಯಾವ ಕಂಪೆನಿಯ ಒಡೆತನವೂ ಇಲ್ಲದ ಸ್ವಯಂಸೇವಕರ ಸಂಘಟನೆ ಅದು. ಉಬುಂಟು ನಿಂತಿರುವುದೂ ಅದರ ಹೆಗಲ ಮೇಲೆಯೇ. ಅವರ ವಾರ್ಷಿಕ ಕೂಟ 2000ದಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಆರಂಭವಾಗಿ, ದೇಶ ದೇಶ ಸುತ್ತುತ್ತ ಬಂದಿದೆ: 2018ರಲ್ಲಿ ತೈವಾನ್, 2019ರಲ್ಲಿ ಬ್ರೆಜಿಲ್. 2020 ಮತ್ತು 2021ರಲ್ಲಿ ಸಾಂಕ್ರಾಮಿಕದ ಕಾರಣ ಅಂತರಜಾಲದಲ್ಲೇ ನಡೆಸಿದರು. ಆದರೆ ಅದನ್ನೇ ಪದ್ಧತಿ ಮಾಡಿಕೊಳ್ಳಲಿಲ್ಲ. 2022ರಲ್ಲಿ ಕೊಸೊವೊದಲ್ಲಿ ಮತ್ತೆ ನೆರೆದರು. 2023ರ ಸೆಪ್ಟೆಂಬರಿನಲ್ಲಿ ನಮ್ಮ ನೆರೆಯ ಕೊಚ್ಚಿಗೇ ಬಂದರು. ಬರಲು ಹಣವಿಲ್ಲದ ಕೆಲಸಗಾರನಿಗೆ ಪ್ರಯಾಣಕ್ಕೂ ಊಟ ವಸತಿಗೂ ನೆರವು ಕೊಡುವ ಏರ್ಪಾಡಿದೆ. ಉಪನ್ಯಾಸಗಳು ಆರಂಭವಾಗುವ ಮೊದಲಿನ ದಿನಗಳನ್ನು ಬರಿಯ ಕೆಲಸಕ್ಕೆಂದೇ ಮೀಸಲಿಡುತ್ತಾರೆ. ಆಗ ಭಾಷಣವಿಲ್ಲ, ಒಂದೇ ಮೇಜಿನ ಸುತ್ತ ಕೂತು ದುಡಿಮೆ. ಕಲಾಪಗಳನ್ನು ದೂರದವರು ನೋಡುವಂತೆ ಬಿತ್ತರಿಸುವವರೂ ಸ್ವಯಂಸೇವಕರೇ. ಸೇರುವುದೂ ಉಂಟು, ಸೇರದವನನ್ನು ಮರೆಯದಿರುವುದೂ ಉಂಟು. ಎರಡನ್ನೂ ಒಟ್ಟಿಗೆ ಮಾಡಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನು ನಮ್ಮ ಮನೆಯ ಮಾತು. ಬೆಂಗಳೂರು ಈ ವಿದ್ಯೆಯಲ್ಲಿ ಹಿಂದುಳಿದ ಊರಲ್ಲ. 2001ರಲ್ಲಿ 'ಲಿನಕ್ಸ್ ಬ್ಯಾಂಗಲೋರ್' ಎಂಬ ಹೆಸರಿನಲ್ಲಿ ಆರಂಭವಾದ ಸಮ್ಮೇಳನ, 2005ರಿಂದ 'ಫಾಸ್ ಡಾಟ್ ಇನ್' ಎಂದು ಹೆಸರು ಬದಲಿಸಿಕೊಂಡು, ದೇಶವಿದೇಶಗಳ ಕೆಲಸಗಾರರನ್ನು ಇಲ್ಲಿಗೆ ಕರೆತಂದಿತು. ಅದರ ಸಂಘಟಕರು ಕೆಲವು ವರ್ಷಗಳಲ್ಲೇ ಒಂದು ಸತ್ಯವನ್ನು ಕಂಡುಕೊಂಡರು: ಕೇಳಲು ಬರುವವರು ಬಹಳ, ಮಾಡಲು ಬರುವವರು ಕಡಿಮೆ. 2008ರ ಹೊತ್ತಿಗೆ ಅವರು ಕಾರ್ಯಕ್ರಮದಲ್ಲಿ ಉಪನ್ಯಾಸದ ಜೊತೆಗೆ, ಕೂತು ಕೆಲಸ ಮಾಡುವ ಗೋಷ್ಠಿಗಳಿಗೆ ದೊಡ್ಡ ಜಾಗ ಕೊಟ್ಟರು. ಕೇಳುಗರ ಸಂಖ್ಯೆಯ ಮೋಹವನ್ನು ಬಿಟ್ಟು ಹಾಗೆ ಮಾಡುವುದಕ್ಕೆ ಎದೆಗಾರಿಕೆ ಬೇಕು. 2012ರ ಸಮ್ಮೇಳನವೇ ಕೊನೆಯದಾಯಿತು. ಆ ಎದೆಗಾರಿಕೆಯನ್ನು ಉತ್ತರಾಧಿಕಾರವಾಗಿ ಪಡೆದವರು ಇಂದು ಎಷ್ಟು ಮಂದಿ?

ನಾನು ಕಂಡ ಒಂದು ಸಭೆಯನ್ನು, ಹೆಸರು ಬಿಟ್ಟು, ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಕನ್ನಡದ ಮುಂದಿನ ಕೆಲಸಗಳನ್ನು ಯೋಜಿಸುವ ಸಭೆಯೆಂದು ಆಮಂತ್ರಣದಲ್ಲಿತ್ತು. ಹತ್ತು ಗಂಟೆಗೆಂದಿದ್ದ ಉದ್ಘಾಟನೆ ಮುಖ್ಯ ಅತಿಥಿಗಳು ಬಂದ ಮೇಲೆ ಹನ್ನೊಂದೂವರೆಗೆ ಆಯಿತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಹಾರ, ಶಾಲು, ನೆನಪಿನ ಕಾಣಿಕೆ. ವೇದಿಕೆಯ ಮೇಲಿದ್ದ ಎಂಟು ಮಂದಿಯೂ ಕನ್ನಡ ಉಳಿಯಬೇಕೆಂದು ಒಮ್ಮತದಿಂದ ಅಭಿಪ್ರಾಯಪಟ್ಟರು. ಊಟ ಚೆನ್ನಾಗಿತ್ತು. ಮಧ್ಯಾಹ್ನ ಕೆಲಸದ ಮಾತಿಗೆ ಉಳಿದದ್ದು ಅರ್ಧ ಗಂಟೆ. ಅಕ್ಷರರೂಪಗಳನ್ನು ಕೊರೆಯುವ ಹುಡುಗನೊಬ್ಬ ಹಿಂದಿನ ಸಾಲಿನಿಂದ ಎದ್ದು ಪ್ರಶ್ನೆ ಕೇಳಹೊರಟಾಗ, ಸಮಯವಾಯಿತೆಂದು ಅವನನ್ನು ಕೂರಿಸಿ ವಂದನಾರ್ಪಣೆ ಮಾಡಿದರು. ಅವನು ಅಂದು ಕೇಳಬೇಕೆಂದಿದ್ದ ಪ್ರಶ್ನೆ ಯಾವುದೋ ನನಗೆ ತಿಳಿಯಲಿಲ್ಲ, ಸಭೆಗೂ ತಿಳಿಯಲಿಲ್ಲ. ಅದೇ ನನ್ನ ದೂರು.

ಕೇಳಬೇಕಾದ ಪ್ರಶ್ನೆಗಳಿಗೆ ನಮ್ಮಲ್ಲೇನು ಬರವೆ? 'ರ‍್ಯಾಂಕ್' ಎಂಬ ಒಂದು ಮಾತನ್ನು ತೆಗೆದುಕೊಳ್ಳಿ. ಇದರ ಮೊದಲ ಅಕ್ಷರದಲ್ಲಿ ರಕಾರ ಮೇಲೆ, ಯಕಾರ ಒತ್ತಾಗಿ ಕೆಳಗೆ. ಕಂಪ್ಯೂಟರು ತನ್ನ ಪಾಡಿಗೆ ಬಿಟ್ಟರೆ ರಕಾರವನ್ನು ಅರ್ಕಾವತ್ತು ಮಾಡಿ ಯಕಾರದ ಬಲಕ್ಕೆ ದೂಡುತ್ತದೆ. ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆಯನ್ನು ಇಡಬೇಕು. ಅದನ್ನು ರಕಾರದ ಕೂಡಲೇ ಇಡುವುದೋ, ಹಲಂತಚಿಹ್ನೆ ಆದ ಮೇಲೆ ಇಡುವುದೋ? ಎರಡು ಬಗೆಯಲ್ಲೂ ಬರೆದದ್ದು ಬಳಕೆಯಲ್ಲಿದೆ. ಕಣ್ಣಿಗೆ ಎರಡೂ ಒಂದೇ ಆಗಿ ಕಂಡರೂ ಯಂತ್ರಕ್ಕೆ ಬೇರೆ ಬೇರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಕ್ಕದೆ ಹೋಗುತ್ತದೆ. ಕೀಲಿಮಣೆ ಮಾಡುವವರು, ಅಕ್ಷರ ಕೊರೆಯುವವರು, ಹುಡುಕುವ ಯಂತ್ರ ಬರೆಯುವವರು ಒಂದೇ ಸುತ್ತಿನಲ್ಲಿ ಕೂತರೆ ತೀರುವ ವಿಷಯ ಇದು. ಎಂಟು ಭಾಷಣಗಳಿಂದ ತೀರುವುದಲ್ಲ. ಪದಗಳ ವಿಷಯವೂ ಹಾಗೆಯೆ. ಒಂದು ತಂತ್ರಾಂಶ 'ಗುಪ್ತಪದ' ಕೇಳುತ್ತದೆ, ಇನ್ನೊಂದು 'ಪ್ರವೇಶಪದ' ಕೇಳುತ್ತದೆ, ಮೂರನೆಯದು 'ಪಾಸ್‌ವರ್ಡ್' ಎನ್ನುತ್ತದೆ. ಮೂರೂ ಸಾಧುವೇ. ಆದರೆ ಮೊದಲ ಸಲ ಕನ್ನಡದಲ್ಲಿ ಯಂತ್ರವನ್ನು ಬಳಸಹೊರಟ ತಾಯಿಯೊಬ್ಬಳು ಒಂದೇ ವಸ್ತುವಿಗೆ ಮೂರು ಹೆಸರು ಕಂಡು ಬೆದರಿ, ಮತ್ತೆ ಇಂಗ್ಲಿಷಿಗೆ ತಿರುಗಿಸೆಂದು ಮಗನಿಗೆ ಹೇಳುತ್ತಾಳೆ. ಅಲ್ಲಿಗೆ ಎಷ್ಟೋ ರಾತ್ರಿಗಳ ಅನುವಾದದ ದುಡಿಮೆ ನೀರಿನಲ್ಲಿ ಹೋಮ.

'ದೀಪ ಬೆಳಗುವುದರಲ್ಲಿ ತಪ್ಪೇನು? ಗಣ್ಯರು ಬಂದರೆ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ಸರ್ಕಾರದ ಕಣ್ಣು ಬೀಳುತ್ತದೆ, ನಾಲ್ಕು ಕಾಸು ಹುಟ್ಟುತ್ತದೆ' ಎಂದು ಸಂಘಟಕರು ಹೇಳಬಹುದು. ಅವರ ಕಷ್ಟ ನನಗೆ ತಿಳಿಯದ್ದಲ್ಲ. ಸಭಾಂಗಣದ ಬಾಡಿಗೆಯನ್ನು ಆದರ್ಶ ತೆರುವುದಿಲ್ಲ. ಉತ್ಸವ ಬೇಕಾದರೆ ಉತ್ಸವವನ್ನೇ ಮಾಡಲಿ, ನಾನೂ ಬಂದು ಚಪ್ಪಾಳೆ ತಟ್ಟುತ್ತೇನೆ. ಆದರೆ ಅದು ಬೇರೆ ದಿನ, ಬೇರೆ ಹೆಸರಿನಲ್ಲಿ. ಉತ್ಸವಕ್ಕೆ 'ಯೋಜನಾ ಸಭೆ' ಎಂಬ ಚೀಟಿ ಅಂಟಿಸಿ, ಕೆಲಸಗಾರನನ್ನು ರಜೆ ಹಾಕಿಸಿ ಕರೆತಂದು, ಪ್ರೇಕ್ಷಕನನ್ನಾಗಿ ಮಾಡಿ ಕಳಿಸುವುದು ಮೋಸ. ಒಮ್ಮೆ ಮೋಸಹೋದವನು ಎರಡನೆಯ ಸಲ ಬರುವುದಿಲ್ಲ. ಅವನಿಗೆ ನಾವು ಕೊಡುವುದು ಸಂಬಳವನ್ನಲ್ಲ, ಗೌರವವನ್ನಷ್ಟೆ. ಅದನ್ನೂ ವೇದಿಕೆಯ ಮೇಲಿನವರಿಗೇ ಶಾಲು ಮಾಡಿ ಹೊದಿಸಿಬಿಟ್ಟರೆ ಅವನಿಗೆ ಉಳಿಯುವುದೇನು?

ನನ್ನ ಬೇಡಿಕೆಗಳು ಹೆಚ್ಚಲ್ಲ. ವಿಷಯಗಳ ಪಟ್ಟಿ ಎರಡು ವಾರ ಮೊದಲೇ ಎಲ್ಲರ ಮುಂದೆ ಇರಲಿ. ಅದಕ್ಕೆ ಯಾರು ಬೇಕಾದರೂ ಸೇರಿಸುವಂತಿರಲಿ. ಕುರ್ಚಿಗಳನ್ನು ಸುತ್ತಾಗಿ ಹಾಕಿ. ಕೆಲಸ ಹೊತ್ತವನು ಒಳಸುತ್ತಿನಲ್ಲಿ ಕೂರಲಿ, ಅವನ ವಯಸ್ಸು ಇಪ್ಪತ್ತಾದರೂ ಸರಿ. ನಡೆಸುವವನು ಮಾತಿನ ಸರದಿಯನ್ನೂ ಗಡಿಯಾರವನ್ನೂ ನೋಡಿಕೊಳ್ಳಲಿ. ತನ್ನ ಅಭಿಪ್ರಾಯವಿದ್ದರೆ ಆ ಹೊತ್ತಿಗೆ ಗಡಿಯಾರವನ್ನು ಇನ್ನೊಬ್ಬರ ಕೈಗೆ ಕೊಡಲಿ. ಟಿಪ್ಪಣಿ ಎಲ್ಲರ ಕಣ್ಣೆದುರಿಗೆ, ಕನ್ನಡದಲ್ಲಿ, ಆಗಲೇ ಬರೆದಾಗಲಿ. ಪ್ರತಿಯೊಂದು ವಿಷಯದ ಕೊನೆಗೂ ಒಂದು ಕೆಲಸ, ಒಂದು ಹೆಸರು, ಒಂದು ತಾರೀಖು ಇರಲಿ. ಹೆಸರು ಸಿಕ್ಕದಿದ್ದರೆ, ಇದನ್ನು ಮಾಡುವವರಿಲ್ಲ ಎಂದು ನಾಚಿಕೆಯಿಲ್ಲದೆ ಬರೆಯಲಿ. ಅದೂ ಒಂದು ತಿಳಿವಳಿಕೆಯೇ. ಎಲ್ಲಕ್ಕೂ ಮೇಲಾಗಿ, ಧಾರವಾಡದಲ್ಲೋ ದುಬೈಯಲ್ಲೋ ಕೂತು ಬರಲಾಗದೆ ಹೋದವನ ಮುಂದೆ ಆ ಪಟ್ಟಿಯನ್ನು ಹದಿನೈದು ದಿನ ಇಟ್ಟು, ಅವನ ತಕರಾರಿಗೆ ಉತ್ತರ ಕೊಟ್ಟ ಮೇಲೆಯೇ ತೀರ್ಮಾನವೆನ್ನಲಿ.

ಮುಂದಿನ ಸಭೆಯ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಸಂಘಟಕ ಮಹನೀಯರು ಅದನ್ನೊಮ್ಮೆ ಓದಿಕೊಳ್ಳಲಿ. ಅದರಲ್ಲಿ ಉದ್ಘಾಟಕರ ಹೆಸರಿದೆಯೇ, ಅಧ್ಯಕ್ಷರ ಹೆಸರಿದೆಯೇ ಎಂದು ನೋಡಿದ್ದು ಸಾಕು. ಆ ದಿನ ತೀರ್ಮಾನವಾಗಬೇಕಾದ ಒಂದಾದರೂ ಪ್ರಶ್ನೆ ಅದರಲ್ಲಿ ಅಚ್ಚಾಗಿದೆಯೇ ಎಂದು ಹುಡುಕಲಿ. ಇಲ್ಲವಾದರೆ ಸಭಾಂಗಣದ ಮುಂಗಡವನ್ನು ವಾಪಸು ಪಡೆದು, ಆ ದುಡ್ಡಿನಲ್ಲಿ ಅಕ್ಷರ ಕೊರೆಯುವ ಆ ಹುಡುಗನಿಗೂ ಅವನಂಥ ಐದಾರು ಮಂದಿಗೂ ರೈಲಿನ ಟಿಕೆಟ್ಟು ತೆಗೆಸಿಕೊಡಲಿ. ಅವರು ಕೂರುವುದಕ್ಕೆ ಒಂದು ಜಮಖಾನ ಸಾಕು.